ನಿಮ್ಮಪ್ಪನ ಹೊಟ್ಟೆಯಲ್ಲಿ ನಾನು ಕಂಡದ್ದು

ಗಾಂಧಿ ಚೌಕದ ಹಿಂದಿನ ಓಣಿ, ವಿಜಾಪುರ
ತಾ. ೧೨-೭-೧೯೭೮, ಬುಧವಾರ

ಪ್ರೀತಿಯ ಮಗ ಯಾಕೂಬನಿಗೆ,

ನಿನ್ನವ್ವ ಸಕೀನಾಳ ಕೈ ನಿನ್ನ ತಲೆಯ ಮೇಲಿದೆ ಎಂದು ತಿಳಿದುಕೊಂಡು ಮುಂದೆ ಓದು. ಮೈಯಲ್ಲಿ ಹುಷಾರಾಗಿದ್ದೀಯಾ? ಪುಣೆಯ ಮಳೆ ಒಮ್ಮೆ ಹಿಡಿದರೆ ಬಿಡುವುದಿಲ್ಲವಂತೆ. ಕಾರಖಾನೆಗೆ ತೊಯ್ದುಕೊಂಡು ಹೋಗಿ ಒದ್ದೆ ಅಂಗಿಯಲ್ಲೇ ದಿನ ಕಳೆಯಬೇಡ, ಸಣ್ಣವನಿದ್ದಾಗಿನಿಂದ ನಿನ್ನ ಎದೆಗೆ ಥಂಡಿ ಬೇಗ ಹತ್ತುತ್ತದೆ. ಇಲ್ಲಿ ಮಳೆ ಬಂದಂತೆ ಮಾಡಿ ಹೋಗಿದೆ. ಸಾರವಾಡದಲ್ಲಿ ನಿನ್ನ ಸೋದರಮಾವ ತೊಗರಿ ಬಿತ್ತಿ ಮುಗಿಸಿದ್ದಾನೆ. ನಿನ್ನ ಅಜ್ಜಿ ಹುಸೇನಬಿ ಗಟ್ಟಿಯಾಗಿದ್ದಾಳೆ. ಕಿವಿ ಮಾತ್ರ ಅವಳಿಗೆ ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಇಲ್ಲ. ನೀನು ಬಿಟ್ಟು ಹೋದ ಗಾದಿಯನ್ನು ನಿಮ್ಮಪ್ಪ ಈ ಬೇಸಿಗೆಯಲ್ಲೂ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಸುತ್ತಿಟ್ಟಿದ್ದಾರೆ. ಯಾರೂ ಮಲಗದ ಗಾದಿಯ ಹತ್ತಿ ಗಂಟಾಗುವುದಿಲ್ಲ ಎಂದು ನಾನು ಹೇಳಿದರೆ ಕೇಳಿಸದವರಂತೆ ಇರುತ್ತಾರೆ. ಈ ಗುಣ ಅಜ್ಜಿಯಿಂದ ಬಂದದ್ದು.

ತಿಂಗಳಿಗೊಮ್ಮೆ ನಾನು ಬರೆಯುವ ಕಾರ್ಡಿನಲ್ಲಿ ಎಲ್ಲರೂ ಕ್ಷೇಮ ಎಂಬ ಒಂದು ಸಾಲು ಇರುತ್ತದೆ. ಆ ಸಾಲಿನ ಹಿಂದೆ ಒಂದು ದೊಡ್ಡ ಸುದ್ದಿಯನ್ನು ಇಷ್ಟು ದಿನ ಒತ್ತಿ ಹಿಡಿದುಕೊಂಡು ಕುಳಿತಿದ್ದೆ, ಯಾಕೆಂದರೆ ನಿಮ್ಮಪ್ಪ ಬರೆಯಬೇಡ ಅಂದಿದ್ದರು. ಇವತ್ತು ಅವರು ಗಾದಿ ಅಂಗಡಿಯಲ್ಲಿದ್ದಾರೆ, ಅಜ್ಜಿ ಮಲಗಿದ್ದಾಳೆ, ನಾನು ಬರೆದೇಬಿಡುತ್ತೇನೆ. ಸಾರವಾಡದ ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನು. ಬರೆಯುವಾಗ ಬಾಯಿಗೆ ಬಂದಂತೆ ಬರೆಯಬಾರದು, ಪುಸ್ತಕದಲ್ಲಿ ಇರುವಂತೆ ಬರೆಯಬೇಕು ಎಂದು ನಮ್ಮ ಮಾಸ್ತರರು ಬೆರಳ ಗಿಣ್ಣಿನ ಮೇಲೆ ಹೊಡೆದು ಕಲಿಸಿದ್ದಾರೆ. ಆದರೆ ನಾನು ನೋಡಿದ್ದು ಅವರ ಯಾವ ಪುಸ್ತಕದಲ್ಲೂ ಇರಲಿಲ್ಲ. ನಿಮ್ಮಪ್ಪನ ಹೊಟ್ಟೆಯೊಳಗೆ ದೀಪ ಇಳಿಸಿದರು. ಆ ದೀಪದ ಬೆಳಕಿನಲ್ಲಿ ಅವರ ಹೊಟ್ಟೆಯ ಒಳಗನ್ನು ನನ್ನ ಈ ಕಣ್ಣಿಂದ ನೋಡಿದ್ದೇನೆ. ನಗಬೇಡ, ನನಗೆ ಹುಚ್ಚು ಹಿಡಿದಿಲ್ಲ.

ಮೊದಲಿಂದ ಹೇಳಬೇಕು. ಎರಡು ವರ್ಷದ ಹಿಂದಿನ ರಮಜಾನಿನ ಆ ದಿನವನ್ನು ನಿನಗೆ ನೆನಪು ಮಾಡಿಕೊಡಬೇಕಾಗಿಲ್ಲ, ಆದರೂ ಬರೆಯುತ್ತೇನೆ, ಎಲ್ಲವೂ ಅಲ್ಲೇ ಸಿಕ್ಕಿಕೊಂಡಿದೆ. ತಿಕೋಟಾದ ಬುಡ್ಡೇಸಾಬರು ತಮ್ಮ ಮಗಳನ್ನು ನಿನಗೆ ಕೊಡುವ ಮಾತು ಮುಗಿಸಲೆಂದು ಹೇಳದೆ ಕೇಳದೆ ನಡುಮಧ್ಯಾಹ್ನ ಅಂಗಡಿಗೆ ಬಂದರು. ನೀನು ಖುಷಿಯಿಂದ ಅವರನ್ನು ಒಳಗೆ ಕರೆದುಕೊಂಡು ಹೋದೆ. ಹತ್ತಿ ತುಂಬಿದ ದೊಡ್ಡ ಮೂಟೆ, ಆ ಅಂಡಿಗೆಯ ಹಿಂದೆ ನಿಮ್ಮಪ್ಪ ರೊಟ್ಟಿ, ಮಜ್ಜಿಗೆ ಇಟ್ಟುಕೊಂಡು ಕುಳಿತಿದ್ದರು, ಬಾಯಲ್ಲಿ ತುತ್ತಿತ್ತು. ರೋಜಾದ ಉಪವಾಸದ ದಿನ, ಹಗಲು ಹೊತ್ತಿನಲ್ಲಿ, ಮಗನಿಗೆ ಹೆಣ್ಣು ಕೊಡಲು ಬಂದವರ ಕಣ್ಣೆದುರಿಗೆ. ಬುಡ್ಡೇಸಾಬರು ಚಪ್ಪಲಿ ಮೆಟ್ಟಿ ಹೊರಟುಹೋದರು. ಸಂಬಂಧ ಅಲ್ಲಿಗೇ ಮುರಿಯಿತು. ಸಂಜೆ ನೀನು ಅಪ್ಪನ ಮುಂದೆ ನಿಂತು, "ಸಣ್ಣ ಸಣ್ಣ ಹುಡುಗ್ರು ರೋಜಾ ಇರತಾವ, ನಿನಗ ಸಂಜೀತನಕಾ ಬಾಯಿ ಕಟ್ಟಾಕ ಆಗಂಗಿಲ್ಲ. ಹೊಟ್ಟಿಬಾಕನ ಮಗಾ ಅನಿಸ್ಕೊಂಡು ನಾ ಈ ಊರಾಗ ಇರಂಗಿಲ್ಲ" ಅಂದೆ. ನಿಮ್ಮಪ್ಪ ತಲೆ ಎತ್ತಲಿಲ್ಲ. "ಹಸಿವು ತಡಿಯಾಕ ಆಗೂದಿಲ್ಲಪಾ" ಅಂದರು, ಅಷ್ಟೆ. ನೀನು ಪುಣೆಗೆ ಹೋದೆ. ಅಂದಿನಿಂದ ನಿನ್ನ ಕಾರ್ಡುಗಳಲ್ಲಿ ನನ್ನ ಹೆಸರಿದೆ, ಅಜ್ಜಿಯ ಹೆಸರಿದೆ, ಅವರ ಹೆಸರಿಲ್ಲ. ಅವರು ಪ್ರತಿ ಕಾರ್ಡನ್ನೂ ಎರಡೂ ಕಡೆ ತಿರುಗಿಸಿ ನೋಡುತ್ತಾರೆ.

ಆ ಹಸಿವಿನ ವಿಷಯವನ್ನೇ ನಿನಗೆ ಹೇಳಬೇಕಾಗಿದೆ. ನೀನು ಕಂಡಿದ್ದೀಯಲ್ಲ, ಊಟವಾಗಿ ಒಂದೆರಡು ತಾಸಿಗೆ ಅವರ ಮುಖ ಹುಳ್ಳಗಾಗುತ್ತಿತ್ತು, ಕೈ ಎದೆಗೂಡಿನ ಕೆಳಗೆ ಹೋಗುತ್ತಿತ್ತು. "ಹಸಿವಾಗೈತಿ ನೋಡು" ಅನ್ನುವರು. ಒಂದು ರೊಟ್ಟಿ, ಒಂದು ಬಟ್ಟಲು ಹಾಲು, ಏನೂ ಇಲ್ಲದಿದ್ದರೆ ಒಂದು ಹಿಡಿ ಶೇಂಗಾ ಒಳಗೆ ಹೋದರೆ ಮುಖ ತಿಳಿಯಾಗುತ್ತಿತ್ತು. ತಿಂದ ಕೂಡಲೇ ಹೋಗುವುದು ಹಸಿವಲ್ಲದೆ ಮತ್ತೇನು? ಅಜ್ಜಿಗೆ ಇದು ಹೆಮ್ಮೆ. "ನನ್ನ ಮಗಂದು ಆನಿ ಹೊಟ್ಟಿ, ಕೇಳಿದಾಗ ಹಾಕಬೇಕು" ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗುವಳು. ಹೀಗೆ ಮುಂಜಾನೆಯಿಂದ ಮಲಗುವ ತನಕ ತಿಂದು ತಿಂದು ಅವರು ಊದಿಕೊಂಡರು. ಗಾದಿಗೆ ತುಂಬುವ ಹತ್ತಿಯನ್ನು ಫಕ್ರುದ್ದೀನ ತನ್ನ ಹೊಟ್ಟೆಗೇ ತುಂಬಿಕೊಂಡಿದ್ದಾನೆ ಎಂದು ಪೇಟೆಯವರು ನಗುತ್ತಿದ್ದರು, ಅವರೂ ಜೊತೆಗೆ ನಗುತ್ತಿದ್ದರು.

ನೀನು ಹೋದ ಮೇಲೆ ನಗುವುದೂ ನಿಂತಿತು. ಒಂದು ದಿನ ನನಗೆ ಹೇಳದೆ ತಿಕೋಟಾಕ್ಕೆ ಹೋಗಿದ್ದಾರೆ, ಬುಡ್ಡೇಸಾಬರ ಕಾಲಿಗೆ ಬಿದ್ದು ಸಂಬಂಧ ಉಳಿಸಿಕೊಳ್ಳಲೆಂದು. ಅವರು ಬಾಗಿಲಿಗೇ ಬರಲಿಲ್ಲ. ತಿರುಗಿ ಬರುವಾಗ ಬಸ್ಸಿನ ಬಾಗಿಲಲ್ಲಿ ನಿಮ್ಮಪ್ಪ ಅಡ್ಡ ಸಿಕ್ಕಿಕೊಂಡರು. ಕಂಡಕ್ಟರು ಹಿಂದಿನಿಂದ ದೂಡಿ, ಒಳಗಿನವರು ಮುಂದಿನಿಂದ ಎಳೆದು, ಬಸ್ಸಿನ ತುಂಬ ನಗೆ. ಆ ದಿನದಿಂದ ಅವರು ಬಸ್ಸು ಹತ್ತಲಿಲ್ಲ, ಜುಮ್ಮಾ ನಮಾಜಿಗೂ ಹಿಂದಿನ ಸಾಲಿನಲ್ಲಿ ನಿಂತು ಬೇಗ ಬಂದುಬಿಡುವರು. ಬಗ್ಗಿ ಪೈಜಾಮದ ಲಾಡಿ ಕಟ್ಟಿಕೊಳ್ಳಲು ಆಗದು, ನಾಲ್ಕು ಹೆಜ್ಜೆಗೆ ಉಸಿರು ಮೇಲೆ ಕೆಳಗೆ. ಕುಳಿತಲ್ಲೇ ನಿದ್ದೆ ಬರುತ್ತಿತ್ತು. ಹಿಂಜುವ ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಒಂದು ದಿನ ಹತ್ತಿಯ ರಾಶಿಯ ಮೇಲೆ ಬಿದ್ದರು. ಆಗ ಎಳೆದುಕೊಂಡು ಹೋಗಿ ಇಲ್ಲಿನ ಡಾಕ್ಟರಿಗೆ ತೋರಿಸಿದೆ. ಅವರ ತೂಕದ ಯಂತ್ರದ ಮುಳ್ಳು ಕೊನೆಗೆ ಹೋಗಿ ಬಡಿದು ನಿಂತಿತು. ಕಡೆಗೆ ಕಾಸಿಮಸಾಬರ ಅಡತಿ ಅಂಗಡಿಯಲ್ಲಿ ಜೋಳ ತೂಗುವ ತಕ್ಕಡಿಯಲ್ಲಿ ತೂಗಿಸಿದೆವು. ಒಂದು ಕಡೆ ತುಂಬಿದ ಚೀಲ, ಇನ್ನೊಂದು ಕಡೆ ನಿಮ್ಮಪ್ಪ. ಚೀಲ ಗಾಳಿಗೆ ಎದ್ದಿತು. ಕಾಸಿಮಸಾಬರು ಒಳ್ಳೆಯ ಮನುಷ್ಯ, ಹಮಾಲರನ್ನು ಹೊರಗೆ ಕಳಿಸಿ ತಾವೊಬ್ಬರೇ ತೂಕದ ಕಲ್ಲು ಏರಿಸಿದರು.

ಡಾಕ್ಟರು ಹೆದರಿಸಿದರು. ಹೀಗೇ ಬಿಟ್ಟರೆ ಎದೆ ಬಹಳ ದಿನ ಎಳೆಯುವುದಿಲ್ಲ, ಊಟ ಕಡಿಮೆ ಮಾಡುವುದು ಇವರ ಕೈಯಲ್ಲಿ ಆಗದಿದ್ದರೆ ದೊಡ್ಡ ಊರುಗಳಲ್ಲಿ ಹೊಸದೊಂದು ಆಪರೇಶನ್ ಇದೆ, ಕರುಳನ್ನು ಕತ್ತರಿಸಿ ಗಿಡ್ಡ ಮಾಡಿ ಜೋಡಿಸುತ್ತಾರೆ, ಉಂಡದ್ದು ಮೈಗೆ ಹತ್ತುವುದಿಲ್ಲ ಅಂದರು. ಇಷ್ಟು ದಪ್ಪದವರು ಗುಂಗಿನ ಔಷಧ ಕೊಟ್ಟ ಮೇಲೆ ಎಚ್ಚರಾಗದೆಯೂ ಹೋಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಬೇಡವೇ ಬೇಡ, ಏಳಿ ಎಂದು ನಾನು ಅವರ ತೋಳು ಹಿಡಿದೆ. ನಿಮ್ಮಪ್ಪ ಮಾತ್ರ ಕೂಡಲೇ, "ಕೊಯ್ರಿ" ಅಂದರು. ಕ್ಷೌರಕ್ಕೆ ಕುಳಿತವರು ಹೇಳಿದ ಹಾಗೆ ಹೇಳಿಬಿಟ್ಟರು. ಮನೆಗೆ ಬಂದು ನಾನು ಜಗಳ ತೆಗೆದೆ, ಕಣ್ಣೀರು ಹಾಕಿದೆ, ತಟ್ಟೆ ಬಡಿದೆ. ಆಗ ಅವರು ಹೇಳಿದ್ದು ಇದು: "ಕಳ್ಳ ಕರುಳು ಐತಿ ಇದು. ಹೋದ್ರ ಹೋಗ್ಲಿ. ಒಂದು ತಿಂಗಳು ರೋಜಾ ಹಿಡದೆ ಅಂದ್ರ ನನ್ನ ಮಗಾ ಮನಿಗೆ ಬರತಾನ." ಅವರಿಗೆ ಸಾಯುವ ಹೆದರಿಕೆಯಿರಲಿಲ್ಲ ಯಾಕೂಬ. ನೀನು ಬರದೇ ಇದ್ದುಬಿಡುತ್ತೀಯೆಂಬುದೊಂದೇ ಹೆದರಿಕೆ.

ಹೋದ ದೀಪಾವಳಿಯ ಮುಂದೆ ಸೊಲ್ಲಾಪುರದ ಗಾಡಿ ಹತ್ತಿದೆವು. ಅಲ್ಲಿ ಕೊಯ್ಯುವ ಡಾಕ್ಟರು ಇವರ ಹೊಟ್ಟೆಯನ್ನು ಒತ್ತಿ ನೋಡಿ, ಕೈ ಇಡುವಾಗ ಇವರು ಒಂದೇ ಜಾಗದಲ್ಲಿ ಬೆಚ್ಚುವುದನ್ನು ಕಂಡು, ಕತ್ತಿ ಹಿಡಿಯುವ ಮುಂಚೆ ಒಳಗೆ ಒಮ್ಮೆ ಇಣುಕಿ ನೋಡಿಸಿಬಿಡೋಣ ಎಂದು ಮಾಳಿಗೆಯ ಮೇಲಿನ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ಆ ಡಾಕ್ಟರು ಜಪಾನಿಗೆ ಹೋಗಿ ಕಲಿತು ಬಂದವರು. ನಮ್ಮ ಕಡೆಯ ಕನ್ನಡವನ್ನೇ ಆಡುತ್ತಾರೆ. ಅವರ ಹತ್ತಿರ ಹೊಟ್ಟೆ ನೋಡುವ ದುರ್ಬೀನು ಇದೆ ಎಂದು ನರ್ಸು ಹೇಳಿದಳು. ದುರ್ಬೀನು ಎಂದರೆ ದೂರದ್ದನ್ನು ನೋಡುವುದು ಎಂದು ನಾನು ತಿಳಿದಿದ್ದೆ.

ಹೊಟ್ಟೆ ಖಾಲಿಯಿರಬೇಕು ಎಂದು ಹಿಂದಿನ ರಾತ್ರಿಯಿಂದ ನೀರನ್ನೂ ಕೊಟ್ಟಿರಲಿಲ್ಲ. ಮರುದಿನ ಹೊರಗಿನ ಬಾಕಿನ ಮೇಲೆ ನಮ್ಮ ಪಾಳಿಗಾಗಿ ಕುಳಿತಿದ್ದೆವು. ಇವರು ಬೆವತು ಹೋದರು, ಬಾಕಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಮುಂದಕ್ಕೆ ಬಾಗಿದರು. ಹಸಿವಾಯಿತೇ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದರು. ಆಗ, ಎಲ್ಲಿಂದ ಬಾಯಿ ಬಂತೋ, ನನಗೂ ಇಷ್ಟು ವರ್ಷ ಹೇಳದ್ದನ್ನು ಹೇಳಿದರು. ಪ್ರತಿ ರಮಜಾನಿನಲ್ಲೂ ನಸುಕಿನಲ್ಲಿ ಸಹರಿ ಉಂಡು, ಇವತ್ತು ರೋಜಾ ಇರುತ್ತೇನೆ ಎಂದು ನಿಯತ್ತು ಮಾಡುತ್ತಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಒಳಗೆ ಯಾರೋ ಕೆಂಡ ತಿರುವಿದಂತೆ ಆಗುತ್ತಿತ್ತಂತೆ. ಸೈತಾನನೇ ಬಂದು ಕುಳಿತಿದ್ದಾನೆ, ದೇವರ ಮೇಲಿನ ನನ್ನ ಈಮಾನು ಕಚ್ಚಾ ಇದೆ ಎಂದು ಅಂಡಿಗೆಗೆ ಹಣೆ ಒತ್ತಿಕೊಂಡು ಅಳುತ್ತಿದ್ದರಂತೆ. ಅತ್ತು ಅತ್ತು ಕಡೆಗೆ ರೊಟ್ಟಿ ಮುರಿಯುತ್ತಿದ್ದರಂತೆ. ನೀನು, ಬುಡ್ಡೇಸಾಬರು ಕಂಡದ್ದು ಆ ರೊಟ್ಟಿಯನ್ನು.

ಒಳಗೆ ಕರೆದರು. ಮಂಚದ ಮೇಲೆ ಎಡಮಗ್ಗುಲಿಗೆ ಮಲಗಿಸಲು ಇಬ್ಬರು ವಾರ್ಡ್‌ಬಾಯ್‌ಗಳು ಬೇಕಾದರು. ಡಾಕ್ಟರು ಕೈಯಲ್ಲಿ ಹಿಡಿದದ್ದು ಒಂದು ಕರಿಯ ನಳಿಗೆ, ಬೆರಳಿನಷ್ಟು ದಪ್ಪ, ಹೇಗೆ ಬಾಗಿಸಿದರೆ ಹಾಗೆ ಬಾಗುತ್ತದೆ, ತುದಿಯಲ್ಲಿ ಬಿಳಿಯ ಬೆಳಕು. ಬಾಗಿದ ನಳಿಗೆಯಲ್ಲಿ ಬೆಳಕು ಹೇಗೆ ಹೋಗುತ್ತದೆ ಎಂದು ನಾನು ಕೇಳಿದೆ. ನೀನು ಬಲ್ಲೆ, ನನಗೆ ಕೇಳದೆ ಇರಲು ಆಗುವುದಿಲ್ಲ. ಗಾಜನ್ನು ಕೂದಲಿಗಿಂತ ಸಣ್ಣ ಎಳೆಯಾಗಿ ಎಳೆದು, ಸಾವಿರಾರು ಎಳೆಗಳನ್ನು ಕಟ್ಟಿ ಒಳಗೆ ಹಾಕಿದ್ದಾರಂತೆ, ಬೆಳಕು ಆ ಎಳೆಗಳಲ್ಲಿ ಹರಿದುಕೊಂಡು ಹೋಗುತ್ತದಂತೆ. ಅಷ್ಟು ಸಂಕಟದಲ್ಲೂ ನಿಮ್ಮಪ್ಪ ಕಣ್ಣು ಬಿಟ್ಟರು. "ಗಾಜು ಹಿಂಜತಾರೇನ್ರಿ ಸಾಹೇಬ್ರ?" ಎಂದು ಕೇಳಿದರು. ಡಾಕ್ಟರು ನಳಿಗೆಯನ್ನು ಅವರ ಕೈಗೆ ಕೊಟ್ಟರು. ಜನ್ಮವೆಲ್ಲ ಹತ್ತಿಯ ಎಳೆ ಬಿಡಿಸಿದ ಆ ಬೆರಳುಗಳು ಅದನ್ನು ಎಷ್ಟು ಹಗುರಾಗಿ ಮುಟ್ಟಿದವು, ನಿನಗೆ ತೋರಿಸಬೇಕಾಗಿತ್ತು.

ಮುಟ್ಟಿದ್ದು ಮುಗಿದ ಮೇಲೆ ನುಂಗುವ ಸರದಿ ಬಂತು. ಗಂಟಲಿಗೆ ಜೋಮು ಹಿಡಿಸುವ ಔಷಧ ಹೊಡೆದರು, "ನುಂಗ್ರಿ ಯಜಮಾನ್ರ, ನುಂಗ್ರಿ" ಅಂದರು. ಊರೆಲ್ಲ ಏನು ಕೊಟ್ಟರೂ ನುಂಗುತ್ತಾನೆ ಎಂದ ಮನುಷ್ಯ ಇದೊಂದನ್ನು ನುಂಗಲಾರದೆ ಒದ್ದಾಡಿದರು, ಮತ್ತೆ ಮತ್ತೆ ಹೊರಗೆ ತಳ್ಳಿದರು. ನಾನು ಅವರ ಕೈ ಹಿಡಿದುಕೊಂಡು ಬಿಸ್ಮಿಲ್ಲಾ ಹೇಳಿ ಎಂದೆ. ಮನಸ್ಸಿನಲ್ಲಿ ಹೇಳಿಕೊಂಡರೇನೋ, ನಳಿಗೆ ಇಳಿಯಿತು. ಡಾಕ್ಟರು ಮೇಲಿನ ತುದಿಗೆ ಕಣ್ಣಿಟ್ಟು ನೋಡುತ್ತ ನೋಡುತ್ತ ಒಂದು ಕಡೆ ನಳಿಗೆಯನ್ನು ನಿಲ್ಲಿಸಿದರು. ಕಲಿಯುವ ಹುಡುಗರಿಗೆಂದು ಆ ದುರ್ಬೀನಿಗೆ ಪಕ್ಕದಲ್ಲಿ ಇನ್ನೊಂದು ಕಣ್ಣು ಜೋಡಿಸಿದ್ದರು. ಆ ದಿನ ಹುಡುಗರು ಯಾರೂ ಇರಲಿಲ್ಲ. ನಾನು ತಡೆಯದೆ, "ನನಗೂ ತೋರಸ್ರಿ. ನಾ ಮಾಡಿ ಹಾಕಿದ್ದೆಲ್ಲಾ ಎಲ್ಲಿ ಹೋಗತೈತಿ ಅಂತ ಒಮ್ಮೆ ನೋಡಬೇಕ್ರಿ" ಅಂದುಬಿಟ್ಟೆ. ನರ್ಸು ಬಾಯಿಗೆ ಕೈ ಇಟ್ಟುಕೊಂಡಳು. ಡಾಕ್ಟರು ನಕ್ಕು, "ಬರ್ರಿ, ನಿಮ್ಮ ಹಕ್ಕ ಐತಿ" ಅಂದರು.

ಮಗನೇ, ಇನ್ನು ಮೇಲೆ ನನಗೆ ಬರೆಯಲು ಬರುವುದಿಲ್ಲ, ಬಂದಷ್ಟು ಬರೆಯುತ್ತೇನೆ. ಮೊದಲು ಬರೀ ಮಂಜು, ಸಣ್ಣ ಸಣ್ಣ ಚುಕ್ಕೆ. ಕಣ್ಣು ಹೊಂದಿಕೊಂಡ ಮೇಲೆ ಒಂದು ಕೋಣೆ ಕಂಡಿತು. ಗೋಡೆಗಳು ನಸುಗೆಂಪು, ಎಳೆಮಗುವಿನ ಒಳತುಟಿಯ ಬಣ್ಣ, ಒದ್ದೆಯಾಗಿ ಹೊಳೆಯುತ್ತಿದ್ದವು. ಗೋಡೆಯ ತುಂಬ ಮೆತ್ತಗಿನ ಮಡಿಕೆಗಳು. ಅವು ಸುಮ್ಮನಿರಲಿಲ್ಲ. ಎಲ್ಲಿಂದಲೋ ಒಂದು ಅಲೆ ಎದ್ದು ಗೋಡೆಯ ಗುಂಟ ನಿಧಾನ ನಡೆದು ಬಂದು ಮುಂದೆ ಹೋಗಿ ಮಾಯವಾಗುವುದು, ಮತ್ತೊಂದು ಏಳುವುದು. ಯಾರೂ ಹೇಳುವವರಿಲ್ಲ, ಯಾರೂ ನೋಡುವವರಿಲ್ಲ. ನಾನು ಮದುವೆಯಾಗಿ ಬಂದ ದಿನದಿಂದ, ನಾವು ಜಗಳಾಡಿದ ದಿನ, ನೀನು ಹುಟ್ಟಿದ ದಿನ, ನೀನು ಹೋದ ದಿನ, ಅದು ಅಲ್ಲಿ ಕತ್ತಲೆಯಲ್ಲಿ ಹೀಗೇ ದುಡಿಯುತ್ತಿತ್ತು. ಅಲ್ಲಾಹನು ಯಾರಿಗೂ ತೋರಿಸದೆ ಮಾಡಿಟ್ಟದ್ದನ್ನು ಅಡುಗೆಮನೆಯ ಹೆಂಗಸು ನಾನು ನೋಡುತ್ತಿದ್ದೇನೆ ಎಂದು ಹೆದರಿಕೆಯೂ ಆಯಿತು, ಕಣ್ಣು ತೆಗೆಯಲು ಮನಸ್ಸೂ ಬರಲಿಲ್ಲ.

ಮತ್ತೊಂದು ಸಂಗತಿ. ನಾನು ಒಳಗೆ ದೊಡ್ಡ ಗೋದಾಮು ಇರುತ್ತದೆ ಅಂದುಕೊಂಡಿದ್ದೆ. ಇಷ್ಟು ದೊಡ್ಡ ಮೈ, ಇಷ್ಟು ತಿನ್ನುವ ಮನುಷ್ಯ. ಅಲ್ಲಿ ಕಂಡದ್ದು ಸಣ್ಣ, ಸ್ವಚ್ಛ, ಖಾಲಿ ಕೋಣೆ. "ಇಷ್ಟ ಏನ್ರಿ?" ಎಂದು ಕೇಳಿದೆ. "ಇಷ್ಟ. ನನ್ನದು, ನಿಮ್ಮದು, ಎಲ್ಲಾರದೂ ಹೆಚ್ಚೂ ಕಡಿಮಿ ಇಷ್ಟ ಇರತೈತಿ" ಅಂದರು ಡಾಕ್ಟರು. ಆ ಕೋಣೆಯ ಕೊನೆಗೆ ಒಂದು ದುಂಡಗಿನ ಪುಟ್ಟ ಬಾಗಿಲು, ಮುಚ್ಚಿ ತೆರೆದು ಮಾಡುತ್ತಿತ್ತು. ಅದು ತೆರೆಯುವುದನ್ನೇ ಕಾಯ್ದು ದೀಪವನ್ನು ಆಚೆಗೆ ದಾಟಿಸಿದರು. "ಈಗ ನೋಡ್ರಿ" ಅಂದರು. ಅಲ್ಲಿತ್ತು. ಒಂದು ಗಾಯ. ನಡುವೆ ಬೆಳ್ಳಗೆ ಕುಣಿ ಬಿದ್ದಿದೆ, ಸುತ್ತಲೂ ಕೆಂಪಗೆ ಬಾತಿದೆ. ಕಾಲಿಗೆ ಚಪ್ಪಲಿ ಕಡಿದು ಹಳತಾದ ಹುಣ್ಣಿನ ಹಾಗೆ, ಆದರೆ ಒಳಗೆ, ಯಾರ ಕೈಯೂ ಮುಟ್ಟದ ಕಡೆ.

ನಳಿಗೆ ಹೊರಗೆ ಬಂತು. ಡಾಕ್ಟರು ಕೈ ತೊಳೆದುಕೊಂಡು ನಮ್ಮ ಮುಂದೆ ಸ್ಟೂಲಿನ ಮೇಲೆ ಕುಳಿತು ಬಿಡಿಸಿ ಹೇಳಿದರು. ಹೊಟ್ಟೆಯ ಹುಳಿರಸ ಆ ಗಾಯಕ್ಕೆ ತಾಗಿದರೆ ಉರಿ ಏಳುತ್ತದೆ. ಏನಾದರೂ ತಿಂದರೆ ಆ ಹುಳಿ ಅನ್ನಕ್ಕೆ ಹತ್ತಿಕೊಂಡು ಗಾಯ ತಣ್ಣಗಾಗುತ್ತದೆ. ಅನ್ನ ಕರಗಿತು, ಮತ್ತೆ ಉರಿ. "ಹೊಟ್ಟಿಬಾಕ ಅಲ್ಲಬೇ ಈ ಮನಷ್ಯಾ. ಗಾಯಕ್ಕ ಮುಲಾಮು ಹಚ್ಚಿದಂಗ ಅನ್ನ ಹಚ್ಚಾಕತ್ತಾನ, ಇಷ್ಟು ವರ್ಷದಿಂದ" ಅಂದರು ನನಗೆ. ಎಲ್ಲರ ಬೊಜ್ಜೂ ಹೀಗೇ ಬರುವುದಿಲ್ಲವಂತೆ, ಹೆಚ್ಚಿನವರಿಗೆ ಈ ಗಾಯವಿದ್ದರೆ ಮೈ ಸೊರಗುವುದೂ ಉಂಟಂತೆ, ಇವರ ಬೊಜ್ಜು ಮಾತ್ರ ಈ ದಾರಿಯಿಂದ ಬಂದದ್ದು. ಗಾಯ ಮಾಯಿದರೆ ತಿನ್ನುವುದು ಇಳಿಯುತ್ತದೆ, ತಿನ್ನುವುದು ಇಳಿದರೆ ಮೈ ಇಳಿಯುತ್ತದೆ, ಕರುಳಿಗೆ ಕತ್ತಿ ಯಾಕೆ? ಕೆಳಗಿನ ಡಾಕ್ಟರಿಗೂ ಹಾಗೇ ಬರೆದು ಕಳಿಸಿದರು. ನಾನು ಬಾಯಿ ತುಂಬ ದುವಾ ಕೊಡುತ್ತಿದ್ದೆ. ನಿಮ್ಮಪ್ಪನ ಗಂಟಲಿನ ಜೋಮು ಇನ್ನೂ ಬಿಟ್ಟಿರಲಿಲ್ಲ, ಮಾತು ತೊದಲುತ್ತಿತ್ತು. ಗೋಡೆಯ ಕಡೆ ಮಲಗಿದ್ದವರು ಈ ಕಡೆ ತಿರುಗಿ, "ಹಂಗಾದ್ರ ಅದು ಹಸಿವು ಅಲ್ಲೇನ್ರಿ?" ಎಂದು ಕೇಳಿದರು. ಅಲ್ಲ ಅಂದರು ಡಾಕ್ಟರು. "ಸೈತಾನನೂ ಅಲ್ಲ?" ಅದೂ ಅಲ್ಲ ಅಂದರು. ನಿಮ್ಮಪ್ಪ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡರು. ಹೊಟ್ಟೆ ಕುಲುಕುವುದನ್ನು ನೋಡಿ ನರ್ಸು ನಗುತ್ತಾರೆಂದು ತಿಳಿದಳು. ನನಗೆ ಗೊತ್ತಿತ್ತು.

ಆಮೇಲಿನದು ಮನೆಯ ಕೆಲಸ, ಅದನ್ನು ನನಗೆ ಬಿಡು. ಸುಣ್ಣದ ತಿಳಿಯಂಥ ಬಿಳಿ ಔಷಧ, ಗುಳಿಗೆ, ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ಹಾಲು, ಮೆತ್ತಗಿನ ಅನ್ನ. ಖಾರದ ಚಟ್ನಿ ಬಂದ್, ಚಹಾ ಬಂದ್, ಬೀಡಿ ಬಂದ್. ಬೀಡಿಗಾಗಿ ಇವರು, ಮಗನ ತಾಟು ಸಣ್ಣದಾಯಿತೆಂದು ಅಜ್ಜಿ, ಇಬ್ಬರೂ ನನ್ನನ್ನು ಚಳಿಗಾಲವೆಲ್ಲ ಬೈದರು. ನಾನು ಜಗ್ಗಲಿಲ್ಲ. ಒಂದು ದಿನ ಊಟವಾಗಿ ಎಷ್ಟೋ ಹೊತ್ತಾದ ಮೇಲೂ ಇವರು ಹತ್ತಿ ಹಿಂಜುತ್ತಲೇ ಇದ್ದರು, ಕೈ ಎದೆಯ ಕೆಳಗೆ ಹೋಗಲಿಲ್ಲ. ಏನಾದರೂ ಬೇಕೇ ಎಂದು ಕೇಳಿದೆ. "ಏನೂ ಬ್ಯಾಡ. ಒಳಗ ಸುಮ್ನ ಐತಿ" ಅಂದರು. ಬಿಲ್ಲನ್ನು ಕೆಳಗಿಟ್ಟು ಆ ಸುಮ್ಮನಿರುವುದನ್ನೇ ಕೇಳುತ್ತ ಕುಳಿತರು. ಈಗ ಲಾಡಿ ತಾವೇ ಕಟ್ಟಿಕೊಳ್ಳುತ್ತಾರೆ. ಅಂಗಿಗಳನ್ನೆಲ್ಲ ನಾನು ಎರಡೂ ಬಗಲಿಗೆ ಹಿಡಿದು ಹೊಲಿದಿದ್ದೇನೆ. ಕಾಸಿಮಸಾಬರು ಮೊನ್ನೆ ಒತ್ತಾಯ ಮಾಡಿ ಮತ್ತೆ ತಕ್ಕಡಿಗೆ ಕೂಡಿಸಿದರು, ಜೋಳದ ಚೀಲ ಕೆಳಗೆ ಹೋಗಿ ಕೂತಿತು, ನಿಮ್ಮಪ್ಪ ಮೇಲೆ ಕಾಲಾಡಿಸುತ್ತ ಕುಳಿತರು. ಈ ಸಲ ಹಮಾಲರನ್ನು ಹೊರಗೆ ಕಳಿಸಲಿಲ್ಲ. ಬೇಸಿಗೆಯಲ್ಲಿ ಸ್ಟೇಶನ್ನಿಗೆ ನಡೆದೇ ಹೋಗಿ, ಸೊಲ್ಲಾಪುರದಲ್ಲಿ ಮತ್ತೊಮ್ಮೆ ದುರ್ಬೀನು ಹಾಕಿಸಿಕೊಂಡು ಬಂದರು. ಡಾಕ್ಟರು ತಾವಾಗಿಯೇ ನನ್ನನ್ನು ಕರೆದು ತೋರಿಸಿದರು. ಅದೇ ಕೋಣೆ, ಅದೇ ಅಲೆ, ಅದೇ ಬಾಗಿಲು. ಗಾಯವಿದ್ದ ಕಡೆ ಗಾದಿಗೆ ಟಾಕಾ ಹಾಕಿ ದಾರ ಎಳೆದಂತೆ ನಾಲ್ಕು ಕಡೆಯಿಂದ ಚರ್ಮ ಕೂಡಿಕೊಂಡಿತ್ತು. ಸೂಜಿಯಿಲ್ಲ, ದಾರವಿಲ್ಲ, ಹೊಲಿದ ಕೈಯೂ ಕಾಣುವುದಿಲ್ಲ. ನಾನು ಅಲ್ಲೇ ನಿಂತು ಅತ್ತೆ.

ಇಷ್ಟೆಲ್ಲ ಒಳ್ಳೆಯ ಸುದ್ದಿ. ಈಗ ನನ್ನ ಹೊಟ್ಟೆಯ ಉರಿ ಕೇಳು. ಮುಂದಿನ ತಿಂಗಳು ರಮಜಾನಿನ ಚಂದ್ರ ಕಾಣುತ್ತಾನೆ. ಡಾಕ್ಟರು ಕೈ ಮುಗಿದು ಹೇಳಿ ಕಳಿಸಿದ್ದಾರೆ: ಹೊಸ ಚರ್ಮ ಇನ್ನೂ ಎಳೆಯದು, ಈ ವರ್ಷ ದಿನಗಟ್ಟಲೆ ಬಾಯಿ ಕಟ್ಟಿದರೆ ಗಾಯ ಬಿಚ್ಚುತ್ತದೆ, ಈ ಸಲ ಬಿಚ್ಚಿದರೆ ರಕ್ತ ಹರಿಯಬಹುದು, ಗೋಡೆಯೇ ತೂತು ಬೀಳಬಹುದು. ಮಸೂತಿಯ ಮೌಲಾನಾರನ್ನೂ ಕೇಳಿಬಂದೆ. ಬೇನೆಯಿದ್ದವರಿಗೆ ರೋಜಾ ಬಿಡಲು ದೇವರೇ ಸಡಿಲು ಕೊಟ್ಟಿದ್ದಾನೆ, ಬದಲಿಗೆ ಬಡವರಿಗೆ ಉಣ್ಣಿಸಿರಿ ಎಂದು ಅವರೂ ಮನೆಗೆ ಬಂದು ಹೇಳಿದರು. ನಿಮ್ಮಪ್ಪ ಎಲ್ಲರ ಮಾತಿಗೂ ಹೂಂ ಅಂದರು. ಅವರು ಹೋದ ಮೇಲೆ ನನಗೆ, "ದೇವ್ರು ಮಾಫ್ ಮಾಡ್ಯಾನ, ಗೊತ್ತೈತಿ. ನನ್ನ ಮಗಾ ಮಾಡಿಲ್ಲ. ಈ ಸಲ ಮೂವತ್ತೂ ರೋಜಾ ಹಿಡದು ಅಂವಗ ಪತ್ರಾ ಬರಸ್ತೇನಿ" ಅಂದರು. ಅದಕ್ಕೇ ನಿನಗೆ ಇದನ್ನೆಲ್ಲ ಬರೆಯಬೇಡ ಅಂದದ್ದು. ಬೇನೆ ಎಂದು ಹೇಳಿ ಬಿಡಿಸಿಕೊಳ್ಳುವುದು ಬೇಡ, ಹಿಡಿದು ತೋರಿಸಬೇಕು ಎಂಬ ಹಟ ಅವರದು. ಹೊಟ್ಟೆಬಾಕ ಎಂಬ ಆ ಒಂದು ಮಾತು ನೀನು ಆಡಿದ್ದು, ನೀನೇ ಹಿಂದೆ ತೆಗೆದುಕೊಳ್ಳಬೇಕು. ನಾನು ನಿನ್ನನ್ನು ಬೈಯುವುದಿಲ್ಲ ಯಾಕೂಬ. ಅವರು ಅದನ್ನು ಹಸಿವು ಅಂದರು, ನೀನೂ ನಂಬಿದೆ, ನಾವೆಲ್ಲರೂ ನಂಬಿದೆವು. ಒಳಗೆ ಕಂಡದ್ದನ್ನು ಈಗ ನಿನಗೆ ಹೇಳಿದ್ದೇನೆ. ನಿನ್ನ ಕೈಯಿಂದ, ಅವರ ಹೆಸರು ಬರೆದು, ಒಂದು ಸಾಲು ಕಳಿಸು.

ಅಜ್ಜಿ ಎದ್ದಳು, ಚಹಾ ಕೇಳುತ್ತಿದ್ದಾಳೆ. ಅವಳ ದುವಾ, ಓಣಿಯವರ ಸಲಾಮು ನಿನಗೆ. ನೀನು ನಡೆಯುವ ದಾರಿ ಒಣಗಿರಲಿ, ಮಲಗುವ ಜಾಗ ಬೆಚ್ಚಗಿರಲಿ ಎಂದು ಐದು ಹೊತ್ತೂ ಬೇಡುವ

ನಿನ್ನ ಅವ್ವ,
ಸಕೀನಾ ಫಕ್ರುದ್ದೀನ ನದಾಫ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ಬರೆಯುತ್ತಿದ್ದೇನೆ, ಬರೆಯಲೋ ಬೇಡವೋ ಎಂದು ಮೂರು ದಿನದಿಂದ ಕೈ ತಡೆಯುತ್ತಿತ್ತು. ನಿನ್ನ ಖೋಲಿಯಲ್ಲೇ ಇರುವ ಮೆಹಬೂಬ ಬಬಲೇಶ್ವರಕ್ಕೆ ಹೋಗುವಾಗ ಇಲ್ಲಿ ಇಳಿದಿದ್ದ. "ಯಾಕೂಬ ಅಪ್ಪನಂಗ ಗುಂಡಗಾಗಾಕತ್ತಾನ ಚಾಚಿ. ದಿಂಬಿನ ಬಾಜೂಕ ಬಿಸ್ಕೀಟ ಪುಡಾ ಇಟ್ಕೊಂಡ ಮಲಗತಾನ, ಎದ್ದೆದ್ದು ತಿಂತಾನ" ಎಂದು ನಕ್ಕ. ನನಗೆ ನಗೆ ಬರಲಿಲ್ಲ. ಎರಡನೇ ಸಲ ಹೋದಾಗ ಡಾಕ್ಟರು, "ಮಕ್ಕಳದಾರೇನು? ಇದು ಒಂದೊಂದು ಮನಿತನದಾಗ ಹರದು ಬರತೈತಿ" ಎಂದು ಕೇಳಿದ್ದರು. ಒಬ್ಬ ಮಗ, ಗಟ್ಟಿಯಿದ್ದಾನೆ ಅಂದಿದ್ದೆ. ಮಗನೇ, ಅವ್ವನ ಮುಂದೆ ನಿಜ ಹೇಳು. ಎದೆಗೂಡಿನ ಕೆಳಗೆ, ಎರಡು ಬೆರಳಿಟ್ಟರೆ ಮುಚ್ಚುವಷ್ಟು ಜಾಗ. ಅಲ್ಲಿ ಉರಿಯುತ್ತದೆಯೇ? ತಿಂದರೆ ಆರುತ್ತದೆಯೇ? ಹೌದಾದರೆ ಕಾರ್ಡು ಬರೆಯುತ್ತ ಕೂಡಬೇಡ, ಚಂದ್ರ ಕಾಣುವ ಮುಂಚೆ ನೀನೇ ಬಾ. ಸೊಲ್ಲಾಪುರಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ, ನಳಿಗೆ ಇಳಿಯುವ ತನಕ ಕೈ ಹಿಡಿದುಕೊಂಡಿರುತ್ತೇನೆ. ನಿಮ್ಮಪ್ಪನಿಗೆ ಇದನ್ನು ಇನ್ನೂ ಹೇಳಿಲ್ಲ. ರಮಜಾನಿನ ಮೊದಲ ದಿನವೇ ಮಧ್ಯಾಹ್ನ, ಅಂಡಿಗೆಯ ಹಿಂದೆ ಅಲ್ಲ, ಪಡಸಾಲೆಯಲ್ಲಿ, ಬೇನೆಯವರು ನಿಮ್ಮಿಬ್ಬರಿಗೂ ಎರಡು ತಾಟು ಹಾಕುತ್ತೇನೆ. ಡಾಕ್ಟರ ಮಾತು ಕೇಳದ, ಮೌಲಾನಾರ ಮಾತು ಕೇಳದ ಮನುಷ್ಯ ನಿನ್ನೊಬ್ಬನನ್ನೇ ಉಣ್ಣಲು ಬಿಡುವುದಿಲ್ಲ, ನಾನು ಬಲ್ಲೆ.